ಅಕ್ಕನ ಹಸುವಿನ ಮಸುಕು ಫೋಟೊ

ಹಳೆಯ ಫೋನಿನ ಕ್ಯಾಮೆರಾ ತೆರೆದರೆ ಒಳಗೆ ಜೀರುಂಡೆ ಸಿಕ್ಕಿಕೊಂಡಂತೆ ಟರ್ರ್ ಎಂಬ ಸದ್ದು ಬರುತ್ತಿತ್ತು. ಪರದೆಯ ಮೇಲಿನ ಚಿತ್ರ ಬಕೆಟ್ ನೀರಿನಲ್ಲಿ ಕಂಡ ಮುಖದ ಹಾಗೆ ನಡುಗುತ್ತಿತ್ತು. ತೆಗೆದುಕೊಂಡು ವರ್ಷ ತುಂಬಿರಲಿಲ್ಲ. ನಾನು ಗೂಡ್ಸ್ ಗಾಡಿ ಓಡಿಸುವವನು. ಗಾಡಿಯ ಮುಂದುಗಡೆ ಸಿಕ್ಕಿಸಿಕೊಂಡು ಓಡಾಡಿ, ಅದುರಿ ಅದುರಿ ಹಾಗಾಯಿತು ಎಂದು ಒಬ್ಬರು ಹೇಳಿದರು. ಆ ಮಾಡೆಲ್ಲೇ ಹಾಗೆ, ತಯಾರಾಗುವಾಗಲೇ ದೋಷ ಇತ್ತು ಎಂದು ಇನ್ನೊಬ್ಬರು ಹೇಳಿದರು. ಅಂಗೈಗೆ ಎರಡು ಸಲ ತಟ್ಟಿದರೆ ಸ್ವಲ್ಪ ಹೊತ್ತು ನೆಟ್ಟಗಾಗುತ್ತಿತ್ತು. ನಾನು ಫೋಟೊ ತೆಗೆಯುವುದೇ ಅಪರೂಪವಾದ್ದರಿಂದ ತಟ್ಟಿಕೊಂಡೇ ಕಾಲ ಹಾಕುತ್ತಿದ್ದೆ.

ಆಮೇಲೆ ಆ ಕಂಪನಿಯನ್ನು ಬಿಟ್ಟು ಬೇರೆ ಕಂಪನಿಯ ಫೋನು ತೆಗೆದುಕೊಂಡೆ. ಕಾರಣ ಕೇಳಿದವರಿಗೆಲ್ಲ ಕ್ಯಾಮೆರಾ ಅಲ್ಲಾಡುತ್ತಿತ್ತು ಎಂದೇ ಹೇಳಿದ್ದೇನೆ. ಅದು ಸುಳ್ಳಲ್ಲ. ಆದರೆ ಅಷ್ಟೇ ನಿಜವೂ ಅಲ್ಲ.

ನನಗೆ ಒಬ್ಬಳೇ ಅಕ್ಕ. ಅವಳನ್ನು ಅರಕಲಗೂಡಿನ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದೆ. ಮನೆಯಲ್ಲಿ ಭಾವ, ಭಾವನ ತಾಯಿ, ಒಂದು ಕೊಟ್ಟಿಗೆ. ಅಕ್ಕ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾಳೆ. ಇದ್ದ ಹಸು ಗಬ್ಬ ನಿಲ್ಲದೆ ಹೋದಾಗ ಅದನ್ನು ಮಾರಿ, ತಾನೇ ಕೂಡಿಟ್ಟದ್ದನ್ನೂ ಸೇರಿಸಿ ಇನ್ನೊಂದು ತರಬೇಕೆಂದುಕೊಂಡಳು. ಆ ಮನೆಯಲ್ಲಿ ಒಂದು ಪೊರಕೆ ಬರಬೇಕಾದರೂ ಅತ್ತೆಯ ಒಪ್ಪಿಗೆ ಬೇಕು. ಈ ಸಲ ಭಾವ ಮಾತ್ರ, "ಆಲು ಕರೆಯೋಳು ನೀನು, ನಿನ್ಗೆ ಒಪ್ಪಿದ್ದು ತಕ್ಕೊ" ಎಂದಿದ್ದರು. ಅತ್ತೆ ಸುಮ್ಮನಿದ್ದರಂತೆ. ಅಕ್ಕ ಅದನ್ನು ನನಗೆ ಫೋನಿನಲ್ಲಿ ಹೇಳುವಾಗ ದನಿ ತಗ್ಗಿಸಿದ್ದಳು. ಮದುವೆಯಾಗಿ ಅಷ್ಟು ವರ್ಷಕ್ಕೆ ಆ ಮನೆಗೆ ಅವಳು ಆರಿಸಿ ತರುವ ಮೊದಲ ವಸ್ತು ಅದು.

ನಾನು ದುದ್ದದಲ್ಲಿರುವುದು. ಹಾಸನದಿಂದ ಹಿಂಡಿ, ಬೂಸಾ ಮೂಟೆಗಳನ್ನು ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆಯ ಹಳ್ಳಿ ಡೈರಿಗಳಿಗೆ ಇಳಿಸಿ ಬರುತ್ತೇನೆ. ಯಾರ ಮನೆಯಲ್ಲಿ ಹಸು ಮಾರಾಟಕ್ಕಿದೆ ಎನ್ನುವುದು ಡೈರಿಯ ಹತ್ತಿರ ನಿಂತರೆ ತಾನಾಗಿ ಕಿವಿಗೆ ಬೀಳುತ್ತದೆ. ಹಾಗಾಗಿ ಹುಡುಕುವ ಕೆಲಸ ನನ್ನದಾಯಿತು.

"ಕೆಚ್ಚಲು ಆಮೇಕೆ ನೋಡು, ಮೊದ್ಲು ಸುಳಿ ನೋಡು ಕಣ್ಲಾ" ಎಂದಳು ಅಕ್ಕ. "ಕೆಟ್ಟ ಸುಳಿ ಏನಾರ ನಮ್ಮತ್ತೆ ಕಣ್ಗೆ ಬಿದ್ರೆ ನನ್ನ ಕತೆ ಮುಗೀತು."

"ಸೀಮೆಹಸಕ್ಕೆಲ್ಲ ಎಂತಾ ಸುಳಿ ಅಕ್ಕ?"

"ಸೀಮೆದಾದ್ರೇನು, ನಿಂತ್ಕಳದು ನಮ್ಮ ಕೊಟ್ಟಿಗೇಲಿ ತಾನೆ?"

ದನದ ಮೈಮೇಲೆ ಕೂದಲು ಸುತ್ತಿಕೊಂಡಿರುವ ಜಾಗವನ್ನು ಸುಳಿ ಎನ್ನುವುದು. ಹಣೆಯ ಮೇಲಿದ್ದರೆ ಒಂದು ಫಲ, ಬೆನ್ನಿನ ಮೇಲೆ ಇಂಥ ಕಡೆ ಇದ್ದರೆ ಇನ್ನೊಂದು. ಕೆಲವು ಜಾಗದ ಸುಳಿ ಇದ್ದರೆ ಕಟ್ಟಿದ ಮನೆಗೆ ಕೇಡು ಎಂದು ನಮ್ಮ ಕಡೆ ನಂಬುತ್ತಾರೆ. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಅಪ್ಪನ ಜೊತೆ ದನ ನೋಡಲು ಹೋಗುತ್ತಿದ್ದವನು. ಸುಳಿ ಯಾವುದು, ಎಲ್ಲಿರಬಾರದು ಎನ್ನುವುದು ನನಗೆ ಗೊತ್ತು. ಗೊತ್ತಿಲ್ಲದೆ ಆದದ್ದು ಎಂದು ಹೇಳಿಕೊಳ್ಳುವ ಹಾಗಿಲ್ಲ.

ಹುಡುಕಾಟ ಅಂದುಕೊಂಡಷ್ಟು ಸುಲಭವಾಗಲಿಲ್ಲ. ಮೂಟೆ ಇಳಿಸಿದ ಮೇಲೆ ಒಂದೊಂದು ಹಳ್ಳಿಯಲ್ಲಿ ಒಂದೊಂದು ಹಸು ನೋಡುವುದು, ಫೋನು ತಟ್ಟಿ ಫೋಟೊ ತೆಗೆಯುವುದು, ಅಕ್ಕನಿಗೆ ಕಳಿಸುವುದು. ಹೊಳೆನರಸೀಪುರದ ಹತ್ತಿರದ ಒಂದಕ್ಕೆ ಒದೆಯುವ ಚಾಳಿ. ಇನ್ನೊಂದರ ಕೆಚ್ಚಲು ಬಾತಿತ್ತು. ಮತ್ತೊಂದು ಎಲ್ಲ ಚೆನ್ನಾಗಿತ್ತು, ಹಣೆಯ ಸುಳಿ ಒಂದು ಕಡೆ ವಾಲಿದೆ ಎಂದು ಅಕ್ಕನೇ ಬೇಡವೆಂದಳು. ಚನ್ನರಾಯಪಟ್ಟಣದ ಕಡೆಯ ಒಂದು ಡೈರಿಯ ಕಟ್ಟೆಯಲ್ಲಿ ಕೂರುವವರಿಗೆ ಇದು ದಿನದ ನಗೆಯಾಯಿತು.

"ಬರೀ ಫೋಟೊ ಒಡೀತೀಯಲ್ಲಾ, ಒಂದ್ ಅಸಾನಾದ್ರೂ ಒಡ್ಕಂಡ್ ಓಗಿದ್ದೀಯ?" ಎಂದ ಹಾಲು ಅಳೆಯುವವನು.

"ಇವನ ಅಕ್ಕ ಮದ್ವೆ ಗಂಡು ನೋಡ್ತಾವ್ಳಾ, ಅಸ ನೋಡ್ತಾವ್ಳಾ?" ಎಂದ ಇನ್ನೊಬ್ಬ.

ನಾನು ಅವರ ಎದುರಿಗೆ ಹೇಳಿಬಿಟ್ಟೆ: "ಈ ಸಲ ನೋಡಿ. ನಾನು ಊಂ ಅಂದ್ರೆ ನಮ್ಮಕ್ಕ ಇನ್ನೊಂದ್ ಮಾತಾಡಕಿಲ್ಲ."

ಅದೇ ಊರಿನಲ್ಲಿ ಒಬ್ಬ ಹೆಂಗಸು ಮಗಳ ಮನೆಗೆ ಹೋಗಿ ಇರುವುದಕ್ಕೆಂದು ತನ್ನ ಹಸು ಮಾರುವವಳಿದ್ದಳು. ಡೈರಿಯವರೂ ನನ್ನ ಹಿಂದೆಯೇ ಬಂದು ಬೇಲಿಯ ಆಚೆ ನಿಂತರು. ಎರಡನೇ ಸೂಲಿನ ಹಸು, ಅಂದರೆ ಎರಡು ಸಲ ಕರು ಹಾಕಿದ್ದು, ಸಾಧು. ಮೈಯೆಲ್ಲ ಕಪ್ಪು, ಹೊಟ್ಟೆಯ ಹತ್ತಿರ ಮಾತ್ರ ಬಿಳಿ. ಕೆಚ್ಚಲು ಹಿಡಿದರೆ ಕಾಲೆತ್ತಲಿಲ್ಲ. ಹಣೆ ಚೆನ್ನಾಗಿತ್ತು. ಬೆನ್ನಿನ ಮೇಲೆ ಕೈಯಾಡಿಸುತ್ತ ಹಿಂದಕ್ಕೆ ಬಂದಾಗ ಸೊಂಟದ ಹತ್ತಿರ ಕೈ ನಿಂತಿತು. ಸುಳಿ ಅಲ್ಲಿತ್ತು. ಇರಬಾರದ ಜಾಗವೇ.

ಆ ಹೆಂಗಸು ನನ್ನ ಕೈ ನಿಂತದ್ದನ್ನು ನೋಡಿದಳು. "ಅದು ಐತೆ ಕಣಪ್ಪ, ಮುಚ್ಚಿಡಕಿಲ್ಲ" ಎಂದಳು. "ಕರು ಆಗಿದ್ದಾಗ್ಲಿಂದ ಇಲ್ಲೇ ಐತೆ. ನಮ್ಗೇನೂ ಆಗಿಲ್ಲ."

ಅವಳು ಮುಚ್ಚಿಡಲಿಲ್ಲ. ಮುಚ್ಚಿಟ್ಟವನು ನಾನು. ಮುಖದ ಫೋಟೊಗೆ ಫೋನನ್ನು ಅಂಗೈಗೆ ತಟ್ಟಿದೆ. ಪಕ್ಕದಿಂದ ತೆಗೆಯುವಾಗಲೂ ತಟ್ಟಿದೆ. ಕೆಚ್ಚಲಿಗೂ ತಟ್ಟಿದೆ. ಬೆನ್ನಿನ ಫೋಟೊ ತೆಗೆಯುವ ಹೊತ್ತಿಗೆ ಕ್ಯಾಮೆರಾ ಮತ್ತೆ ಟರ್ರ್ ಎನ್ನತೊಡಗಿತ್ತು. ತಟ್ಟಲಿಲ್ಲ. ಹಾಗೆಯೇ ಒತ್ತಿದೆ. ಹಸುವಿನ ಬೆನ್ನು ಕಪ್ಪು ಕಂಬಳಿ ಹಾಸಿದ ಹಾಗೆ ಬಂತು.

ಅಕ್ಕ ಕೂಡಲೇ ಫೋನ್ ಮಾಡಿದಳು. "ಅಸ ಲಕ್ಷಣವಾಗದೆ. ಬೆನ್ನಿಂದು ಯಾಕೋ ಮಬ್ಬಾಗದಲ್ಲ?"

"ಬಿಸ್ಲು ಕಣಕ್ಕ. ಏನೂ ಇಲ್ಲ, ನಾನೇ ನೋಡ್ದೆ."

"ನೋಡಿದ್ಯಾ?"

"ಊಂ."

"ಅಂಗಾರೆ ಆಯ್ತು ಬುಡು."

ಬೇಲಿಯ ಆಚೆ ನಿಂತವರ ಕಡೆ ತಿರುಗಿ ವ್ಯಾಪಾರ ಆಯಿತೆಂದು ತಲೆಯಾಡಿಸಿದೆ. ಆ ಹೊತ್ತಿನಲ್ಲಿ ನನಗೆ ಖುಷಿಯಾಗಿತ್ತು, ಅದನ್ನೂ ಬರೆಯಬೇಕು. ಸುಳಿಯನ್ನೆಲ್ಲ ಈಗ ಯಾರು ನಂಬುತ್ತಾರೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ನಂಬದವನಾಗಿದ್ದರೆ ಫೋನು ತಟ್ಟುತ್ತಿದ್ದೆ.

ಹಸುವನ್ನು ಗಾಡಿಗೆ ಹತ್ತಿಸಿಕೊಂಡು ಹೊಳೆನರಸೀಪುರದ ಮೇಲೆ ಅರಕಲಗೂಡಿಗೆ ಹೋದೆ. ಹೊತ್ತು ಇಳಿಯುವುದರೊಳಗೆ ಅಕ್ಕನ ಮನೆ ಸೇರಿದೆ. ಅಕ್ಕ ಹಸುವಿನ ಕಾಲಿಗೆ ನೀರು ಹಾಕಿ, ಹಣೆಗೆ ಅರಿಶಿನ ಕುಂಕುಮ ಇಟ್ಟು, ಬೆಲ್ಲ ತಿನ್ನಿಸಿದಳು. ಅವಳ ಅತ್ತೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆಮೇಲೆ ಒಳಗೆ ಬಂದು, ಹಸುವಿನ ಹೆಗಲಿನಿಂದ ಬಾಲದವರೆಗೆ ಅಂಗೈ ಎಳೆದುಕೊಂಡು ಹೋದರು. ನನ್ನ ಕೈ ನಿಂತ ಕಡೆಯೇ ಅವರ ಕೈಯೂ ನಿಂತಿತು.

"ಬಾ ಇಲ್ಲಿ" ಎಂದರು ಅಕ್ಕನಿಗೆ. "ಕೈ ಮಡಗು."

ಅಕ್ಕ ಕೈ ಇಟ್ಟಳು. ಅವಳ ಬೆರಳು ಆ ಜಾಗದಲ್ಲಿ ಒಂದು ಸುತ್ತು ತಿರುಗಿತು. ಆಮೇಲೆ ನನ್ನ ಮುಖ ನೋಡಿದಳು.

ನಾನು ಜೇಬಿನಿಂದ ಫೋನು ತೆಗೆದು ಕ್ಯಾಮೆರಾ ಒತ್ತಿದೆ. ಟರ್ರ್ ಎಂದಿತು. "ಇಲ್ ನೋಡಕ್ಕ, ಇದ್ರ ಅಣೇಬರ. ನಾನೂ ಇದ್ರಲ್ಲೇ ನೋಡಿದ್ದು. ಎಲ್ಲ ಮಬ್ಬು."

"ಕಣ್ಣು ಯಾರಿಗ್ ಕೊಟ್ಟಿದ್ದಪ್ಪ?" ಎಂದರು ಅತ್ತೆ.

"ಈಗಿನೋರು ಎದುರ್ಗಿದ್ರೂ ಫೋನಲ್ಲೇ ಅಲ್ವಾ ಅತ್ತೆ ನೋಡದು" ಎಂದಳು ಅಕ್ಕ. "ಅವನು ಬೇಕಂತ ಮಾಡ್ತಾನಾ?"

ಅಷ್ಟಕ್ಕೇ ವಿಷಯ ತೀರ್ಮಾನವಾಗಿ ಹೋಯಿತು. ತಪ್ಪು ಫೋನಿನದಾಯಿತು. ನಾನು ಕಾಫಿ ಕುಡಿದು ಹೊರಟೆ.

ಅಲ್ಲಿಗೇ ಮುಗಿದಿದ್ದರೆ ನಾನು ಆ ಫೋನನ್ನೇ ತಟ್ಟಿಕೊಂಡು ಇರುತ್ತಿದ್ದೆನೇನೋ. ಆದರೆ ಅಕ್ಕ ಬಿಡಲಿಲ್ಲ. ಕಂಪನಿಯವರನ್ನು ಕೇಳಲೇಬೇಕೆಂದು ಹಟ ಹಿಡಿದಳು. "ನಾನೂ ಬತ್ತೀನಿ. ನಿನ್ಗೆ ಮಾತಾಡಕ್ ಬರಕಿಲ್ಲ" ಎಂದು ಡೈರಿಗೆ ಹಾಲು ಹಾಕಿದ ಮೇಲೆ ಬಸ್ಸು ಹತ್ತಿ ಹಾಸನಕ್ಕೆ ಬಂದಳು. ಸರ್ವೀಸ್ ಸೆಂಟರಿನಲ್ಲಿ ಟೋಕನ್ ಹಿಡಿದು ಕಾದೆವು. ಕೌಂಟರಿನಲ್ಲಿ ನಮ್ಮ ಅಕ್ಕನ ವಯಸ್ಸಿನ ಒಬ್ಬ ಹೆಂಗಸು ಇದ್ದಳು.

"ಏನ್ ಪ್ರಾಬ್ಲಂ ಸರ್?"

"ಕ್ಯಾಮೆರಾ" ಎಂದೆ.

"ಕ್ಯಾಮೆರಾ ಅಲ್ಲ ಕಣವ್ವ, ಅಸ" ಎಂದಳು ಅಕ್ಕ. "ಇದ್ರ ದೆಸೆಯಿಂದ ಕೆಟ್ಟ ಸುಳಿ ಇರೋ ಅಸ ನಮ್ಮನೆಗೆ ಬಂದ್ಬುಡ್ತು."

ಆಕೆ ನನ್ನನ್ನು ನೋಡಿದಳು. ನಾನು ಗೋಡೆಯ ಮೇಲಿದ್ದ ಟೋಕನ್ ನಂಬರು ನೋಡಿದೆ.

"ಮೇಡಂ, ವಾರಂಟಿ ಇರೋದು ಫೋನಿಗೆ. ಹಸೂಗಿಲ್ಲ."

"ಫೋನ್ ಸರಿ ಮಾಡ್ಕೊಟ್ರೆ ಸುಳಿ ಓಯ್ತದಾ ಅಂಗಾರೆ?"

ಹಿಂದೆ ಕುಳಿತವರು ನಕ್ಕರು. ಒಬ್ಬ, "ಪಾಪ, ಬದ್ಲಿ ಹಸು ಕೊಟ್ಬಿಡಿ ಮೇಡಂ, ಎಕ್ಸ್‌ಚೇಂಜ್" ಎಂದ. ಅಕ್ಕ ತಿರುಗಿ ನೋಡಿ, "ನಿನ್ ಮನೇಗ್ ಕಟ್ತೀಯೇನಪ್ಪ, ಕೊಡ್ತೀನಿ" ಎಂದಳು.

ಕೌಂಟರಿನ ಹೆಂಗಸು ಕ್ಯಾಮೆರಾ ತೆರೆದು ಸದ್ದು ಕೇಳಿಸಿಕೊಂಡಳು. "ಈ ಮಾಡೆಲಲ್ಲಿ ಇದು ಬರ್ತಾ ಇದೆ" ಎಂದಳು. ಆಮೇಲೆ ನನ್ನನ್ನು ಕೇಳಿದಳು: "ತಟ್ಟಿದ್ರೆ ಸ್ವಲ್ಪ ಹೊತ್ತು ಸರಿಯಾಗುತ್ತೆ ಅಂತಾರೆ ಕೆಲವರು. ನಿಮ್ದು ಆಗುತ್ತಾ?"

ಅಕ್ಕ ಪಕ್ಕದಲ್ಲೇ ಇದ್ದಳು.

"ಇಲ್ಲ" ಎಂದೆ. "ಒಂದ್ ಸಲಾನೂ ಆಗಿಲ್ಲ."

ಮೊದಲು ಅಕ್ಕನಿಗೆ ಹೇಳಿದ್ದು ಆ ಗಳಿಗೆಯ ಸುಳ್ಳು. ಇದು ಯೋಚನೆ ಮಾಡಿ ಹೇಳಿದ್ದು. ಬಿಡಿಭಾಗ ಹೊರಗಿನಿಂದ ಬರಬೇಕು, ಫೋನು ಬಿಟ್ಟು ಹೋಗಬೇಕು ಎಂದು ಆಕೆ ಹೇಳುತ್ತಿದ್ದಂತೆ ಅಕ್ಕ ಫೋನನ್ನು ವಾಪಸು ಇಸಿದುಕೊಂಡಳು. "ಬ್ಯಾಡ ಬುಡವ್ವ. ಈ ಕಂಪನೀನೇ ಬ್ಯಾಡ."

ಅಲ್ಲಿಂದ ಹೊರಟು ಅದೇ ರಸ್ತೆಯ ಒಂದು ಮೊಬೈಲ್ ಅಂಗಡಿಗೆ ಹೋದೆವು. ಅಂಗಡಿಯವನು ಬ್ಯಾಟರಿ, ಸ್ಟೋರೇಜು, ಏನೇನೋ ಹೇಳಿದ. ಅಕ್ಕ ಅದೊಂದನ್ನೂ ಕೇಳಿಸಿಕೊಳ್ಳಲಿಲ್ಲ. ನೋಡಲು ಇಟ್ಟಿದ್ದ ಫೋನೊಂದನ್ನು ಎತ್ತಿಕೊಂಡು ಬಾಗಿಲ ಕಡೆ ನಡೆದಳು.

"ಅಕ್ಕ, ಆಚೆ ತಗೊಂಡ್ ಹೋಗಂಗಿಲ್ಲ" ಎಂದ ಅಂಗಡಿಯವನು.

"ದನಾನ ಒಳಗೆ ಕರ್ಕೊಂಡ್ ಬರ್ಲಾ ಅಂಗಾರೆ?"

ರಸ್ತೆಯ ಬದಿಯಲ್ಲಿ ಹೂಕೋಸಿನ ಎಲೆ ತಿನ್ನುತ್ತ ಒಂದು ಬೀಡಾಡಿ ಹಸು ನಿಂತಿತ್ತು. ಅಂಗಡಿಯವನು ಹಿಂದೆಯೇ ಓಡಿ ಬಂದ. ಅಕ್ಕ ಅವನ ಕೈಯಲ್ಲೇ ಆ ಹಸುವಿನ ಹಣೆಯ ಫೋಟೊ ತೆಗೆಸಿ, ಎರಡು ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಇನ್ನೊಂದು ಕಂಪನಿಯದನ್ನೂ ತರಿಸಿ ಹಾಗೇ ನೋಡಿದಳು. "ಇದ್ರಲ್ಲಿ ಕೂದ್ಲು ಕೂದ್ಲೂ ಕಾಣ್ತದೆ. ಇದೇ ತಕ್ಕೊ" ಎಂದಳು. ಅದನ್ನೇ ತೆಗೆದುಕೊಂಡೆ. ಹಳೆಯದನ್ನು ಅಂಗಡಿಯವರೇ ಇಟ್ಟುಕೊಂಡರು.

ಕಂಪನಿ ಬದಲಾದರೆ ಕೈಗೆ ಅಭ್ಯಾಸವಾಗುವುದು ತಡ. ಹಿಂದಕ್ಕೆ ಹೋಗಲು ಒತ್ತುವ ಗುರುತು ಹಳೆಯದರಲ್ಲಿ ಬಲಕ್ಕಿತ್ತು, ಇದರಲ್ಲಿ ಎಡಕ್ಕೆ. ನಂಬರುಗಳೆಲ್ಲ ಎರಡೆರಡು ಸಲ ಬಂದು ಕುಳಿತವು, ಕೆಲವು ಬರಲೇ ಇಲ್ಲ. ಯಾರದೋ ಫೋನು ಬಡಿದುಕೊಂಡರೆ ನನ್ನದಲ್ಲವೆಂದು ಸುಮ್ಮನಿರುತ್ತಿದ್ದೆ, ನನ್ನದೇ ಆಗಿರುತ್ತಿತ್ತು. ಕ್ಯಾಮೆರಾ ಮಾತ್ರ ಸದ್ದಿಲ್ಲದೆ ತೆರೆಯುತ್ತಿತ್ತು. ಆದರೂ ಕೈ ತಾನಾಗಿ ಒಂದು ಸಲ ತಟ್ಟುತ್ತಿತ್ತು.

ಅಕ್ಕ ತನ್ನ ಬೀದಿಯಲ್ಲೆಲ್ಲ ಆ ಹಳೆಯ ಕಂಪನಿಯ ಫೋನು ಯಾರೂ ತೆಗೆದುಕೊಳ್ಳಬೇಡಿ ಎಂದು ಹೇಳಿದಳಂತೆ. ತನ್ನ ತಮ್ಮನೇ ಫೋನು ಬದಲಾಯಿಸಿಬಿಟ್ಟ ಎನ್ನುವುದು ಅವಳ ಸಾಕ್ಷಿ. ಅಷ್ಟು ಮಾಡಿದವನ ಮೇಲೆ ಯಾರಿಗೆ ಅನುಮಾನ ಬರುತ್ತದೆ?

ಅವಳ ಮನೆಯಲ್ಲಿ ಆಗುತ್ತಿದ್ದುದು ಬೇರೆ. ಹಸು ಕ್ಯಾನ್ ತುಂಬ ಹಾಲು ಕೊಡುತ್ತಿತ್ತು. ಅತ್ತೆ ಆ ಹಾಲನ್ನು ಒಲೆಯ ಹತ್ತಿರ ತರಗೊಡಲಿಲ್ಲ. ಕರೆದದ್ದೆಲ್ಲ ಡೈರಿಗೆ, ಮನೆಯ ಕಾಫಿಗೆ ಅಂಗಡಿಯಿಂದ ಪ್ಯಾಕೆಟ್ ಹಾಲು. ಪಂಪಿನ ಮೋಟರ್ ಸುಟ್ಟುಹೋದರೆ ಸುಳಿ. ಭಾವ ಬೈಕಿನಿಂದ ಜಾರಿ ಮಂಡಿ ತರಚಿಕೊಂಡರೆ ಸುಳಿ. ಪಕ್ಕದ ಮನೆಯ ಕೋಳಿ ಸತ್ತಾಗಲೂ ಅತ್ತೆ ಕೊಟ್ಟಿಗೆಯ ಕಡೆ ನೋಡಿದರಂತೆ. ಜಗಳವೇನೂ ಆಡುತ್ತಿರಲಿಲ್ಲ. "ತಾನೇ ಆರಿಸ್ಕಂಡ್ ಬಂದಿದ್ದು" ಎಂದು ಬಂದವರಿಗೆ ಅಕ್ಕನನ್ನು ತೋರಿಸುತ್ತಿದ್ದರು, ಅಷ್ಟೆ. ಭಾವ ಮತ್ತೆ "ನಿನ್ಗೆ ಒಪ್ಪಿದ್ದು" ಎಂಬ ಮಾತು ಆಡಲಿಲ್ಲ.

ಅಕ್ಕ ಇದನ್ನೆಲ್ಲ ನನಗೆ ಫೋನಿನಲ್ಲಿ ಹೇಳಿ, ಕೊನೆಗೆ, "ನಿನ್ ತಪ್ಪಲ್ಲ ಬುಡು, ಬೇಜಾರ್ ಮಾಡ್ಕೊಬ್ಯಾಡ" ಎನ್ನುತ್ತಿದ್ದಳು. ನಾನು ಊಂ ಎನ್ನುತ್ತಿದ್ದೆ.

ಕಡೆಗೆ ಹಸು ಮಾರಬೇಕೆಂದು ತೀರ್ಮಾನವಾಯಿತು. ಫೋಟೊ ತೆಗೆಯಲು ಅಕ್ಕ ನನ್ನನ್ನೇ ಕರೆದಳು. ನಾನು ಹೋದಾಗ ಹಸುವಿನ ಮೈ ತೊಳೆದು, ಹಗ್ಗ ಹಿಡಿದು ಅಂಗಳದಲ್ಲಿ ನಿಂತಿದ್ದಳು. ಅತ್ತೆ ಒಳಗಿದ್ದರು.

"ಬೆನ್ನಿಂದು ಮೊದ್ಲು ತೆಗಿ" ಎಂದಳು. "ಸುಳಿ ಚೆಂದಾಗ್ ಕಾಣ್ಬೇಕು. ತಕ್ಕಳೋರು ನೋಡ್ಕಂಡೇ ತಕ್ಕಳ್ಳಿ. ನನ್ನಂಗೆ ಇನ್ನೊಬ್ಳು ಅನ್ನುಸ್ಕಳದು ಬ್ಯಾಡ."

ತೆಗೆದೆ. ಕೂದಲು ಸುತ್ತಿಕೊಂಡದ್ದು ಒಂದೊಂದಾಗಿ ಕಾಣುತ್ತಿತ್ತು. ಅವಳಿಗೆ ತೋರಿಸಿದೆ. "ನೋಡು, ಫೋನ್ ಅಂದ್ರೆ ಇಂಗಿರ್ಬೇಕು" ಎಂದಳು.

ಆಗ ಹೇಳಿದೆ. ಹೇಳಬೇಕೆಂದು ಹೋಗಿರಲಿಲ್ಲ.

"ಅಕ್ಕ, ಆ ಫೋನು ತಟ್ಟಿದ್ರೆ ಸರಿ ಆಗದು. ಆವತ್ತು ನಾನು ತಟ್ಲಿಲ್ಲ."

"ಏನ್ ತಟ್ಟದು?"

"ಸುಳಿ ನನ್ಗೆ ಕಂಡಿತ್ತು. ಕೈಗೂ ಸಿಕ್ಕಿತ್ತು. ಗೊತ್ತಿದ್ದೇ ಮಬ್ಬು ಫೋಟೊ ಕಳಿಸ್ದೆ."

ಅವಳು ಹಸುವಿನ ಕೊರಳ ಕೆಳಗಿನ ಗಂಗೆದೊಗಲು ನೀವುತ್ತಿದ್ದಳು. ಕೈ ನಿಲ್ಲಲಿಲ್ಲ.

"ಯಾಕ್ಲಾ?"

"ಓಡಾಡಿ ಸಾಕಾಗಿತ್ತು. ಡೈರಿ ತಾವ ಎಲ್ರೂ ಆಡ್ಕಂತಿದ್ರು, ಒಂದ್ ಅಸಾನೂ ಕೊಡ್ಸಿಲ್ಲ ಅಂತ."

"ಅಷ್ಟೇಯಾ?"

"ಅಷ್ಟೆ."

ಇದಕ್ಕಿಂತ ದೊಡ್ಡ ಕಾರಣ ಏನಾದರೂ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಇರಲಿಲ್ಲ.

ಒಳಗಿನಿಂದ ಅತ್ತೆ, "ಫೋಟೊ ನೆಟ್ಟಗ್ ಬಂತಾ?" ಎಂದು ಕೂಗಿ ಕೇಳಿದರು.

"ಬಂತು ಅತ್ತೆ" ಎಂದಳು ಅಕ್ಕ, ದಿನದ ದನಿಯಲ್ಲೇ. "ಆ ಫೋನೇ ದರಿದ್ರದ್ದು. ಇದು ವಾಸಿ."

ಆಮೇಲೆ ನನ್ನ ಕಡೆ ನೋಡದೆ ಮೆಲ್ಲಗೆ ಹೇಳಿದಳು. "ಅವರ ತಾವ ಬಾಯ್ಬುಡ್ಬ್ಯಾಡ. ಇಲ್ಲೀಗಂಟ ಸುಳಿ ಅಂತಾವ್ರೆ. ಒಡಹುಟ್ಟಿದೋನೇ ಮೋಸ ಮಾಡ್ದ ಅಂತ ಗೊತ್ತಾದ್ರೆ, ನಾನು ಸಾಯೋಗಂಟ ಅದೇ."

ಅಲ್ಲಿಯವರೆಗೆ ಸುಳ್ಳು ನನ್ನದೊಬ್ಬನದಾಗಿತ್ತು. ಗೊತ್ತಿಲ್ಲದೆ ನನ್ನ ಪರವಾಗಿ ಮಾತಾಡುತ್ತಿದ್ದವಳು ಆ ಗಳಿಗೆಯಿಂದ ಗೊತ್ತಿದ್ದೂ ಮಾತಾಡಬೇಕಾಯಿತು. ಹಸುವನ್ನು ಗೂಟಕ್ಕೆ ಕಟ್ಟಿ ಒಳಗೆ ಹೋದಳು. ನನಗೆ ಕಾಫಿ ತಂದುಕೊಟ್ಟಳು. ಪ್ಯಾಕೆಟ್ ಹಾಲಿನ ಕಾಫಿ. ಕುಡಿದೆ.

ಹೊಳೆನರಸೀಪುರದ ಕಡೆಯವರೊಬ್ಬರು ಆ ಫೋಟೊ ನೋಡಿ, ಸುಳಿಗೆ ನಕ್ಕು, ಹಸುವನ್ನು ಕೊಂಡುಹೋದರು. ಈಗಲೂ ಅವರಲ್ಲೇ ಇದೆ, ಕರು ಹಾಕಿದೆ.

ಕೆಲವು ತಿಂಗಳಾದ ಮೇಲೆ ಅಕ್ಕನ ಮನೆಗೆ ಇನ್ನೊಂದು ಹಸು ತರುವ ಮಾತು ಬಂತು. ಈ ಸಲ ಅವಳು ನನಗೆ ಹುಡುಕಲು ಹೇಳಲಿಲ್ಲ. ಚನ್ನರಾಯಪಟ್ಟಣದ ಹತ್ತಿರ ಒಂದು ಇದೆಯೆಂದು ತಾನೇ ವಿಚಾರಿಸಿಕೊಂಡು, ಬಸ್ಸಿನಲ್ಲಿ ಒಬ್ಬಳೇ ಬಂದು ಇಳಿದು, ಗಾಡಿ ತೆಗೆದುಕೊಂಡು ಬಾ ಎಂದು ಫೋನ್ ಮಾಡಿದಳು. ಮಾತು ಎಂದಿನಂತೆಯೇ ಇತ್ತು. ಊಟ ಆಯಿತಾ ಎಂದು ಕೇಳಿದಳು. ಆ ಮನೆಯ ಹತ್ತಿರ ಗಾಡಿ ನಿಲ್ಲಿಸಿ ನಾನೂ ಇಳಿಯಲು ಹೋದಾಗ, "ನೀನು ಗಾಡಿ ತಾವೇ ಇರು" ಎಂದಳು.

ಬೇಲಿಯ ಸಂದಿಯಿಂದ ಕಾಣುತ್ತಿತ್ತು. ಅಕ್ಕ ಹಸುವಿನ ಹಣೆಯಿಂದ ಶುರುಮಾಡಿ, ಕತ್ತು, ಹೆಗಲು, ಬೆನ್ನು, ಸೊಂಟ, ತೊಡೆಯ ಹಿಂಬದಿ, ಒಂದು ಕಡೆಯೂ ಬಿಡದೆ ಕೈಯಾಡಿಸಿದಳು. ಕೂದಲನ್ನು ಎದುರು ದಿಕ್ಕಿಗೆ ತಳ್ಳಿ ನೋಡಿದಳು. ಮತ್ತೆ ಇನ್ನೊಂದು ಮಗ್ಗುಲಿಗೆ ಹೋಗಿ ಮೊದಲಿನಿಂದ ನೋಡಿದಳು. ಮನೆಯವನು ಕಾದು ಕಾದು ಬೀಡಿ ಹಚ್ಚಿದ. ಅಕ್ಕ ಯಾರಿಗೂ ಫೋಟೊ ಕಳಿಸಲಿಲ್ಲ. ಯಾರನ್ನೂ ಕೇಳಲೂ ಇಲ್ಲ. ಕಡೆಗೆ ತಲೆಯಾಡಿಸಿ ಹಗ್ಗ ಕೈಗೆ ತೆಗೆದುಕೊಂಡಳು.

ಆ ಮನೆಯವನು ನನ್ನ ಕಡೆ ಬಂದು, "ಡ್ರೈವರ್, ಅಲ್ಲಿ ದಿಬ್ಬ ಐತಲ್ಲ, ಅದಕ್ಕೆ ಗಾಡಿ ರಿವರ್ಸ್ ಕೊಡು, ಅತ್ತಿಸ್ಬೋದು" ಎಂದ. ಆಮೇಲೆ ಅಕ್ಕನನ್ನು ಕೇಳಿದ: "ಬಾಡಿಗೆ ಗಾಡಿನಾ ಅವ್ವ?"

ಅಕ್ಕ ಹಸುವಿನ ಕೊರಳಿಗೆ ಹಗ್ಗ ಬಿಗಿಯುತ್ತಿದ್ದಳು.

"ಊಂ" ಎಂದಳು. "ಆಸನದ ಕಡೇದು."

ನಾನು ಗಾಡಿಯನ್ನು ರಿವರ್ಸ್ ಕೊಟ್ಟೆ.